ಟೆಸ್ಲಾ ಆಕಾಶದಿಂದ ಉಚಿತ ಕರೆಂಟ್ ತಂದಿದ್ದರೇ?

ನಿಕೋಲಾ ಟೆಸ್ಲಾ ಆಕಾಶದಿಂದ ಉಚಿತ ಕರೆಂಟ್ ಪಡೆಯುವ ಯಂತ್ರ ಕಂಡುಹಿಡಿದಿದ್ದರು, ಶ್ರೀಮಂತರು ಅದನ್ನು ಮುಚ್ಚಿಹಾಕಿದರು ಎಂಬ ಸಂದೇಶ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಇದರಲ್ಲಿ ನಿಜ ಎಷ್ಟು? ಅವರ ಬದುಕನ್ನೇ ಒಮ್ಮೆ ನೋಡೋಣ.

ಟೆಸ್ಲಾ ಹುಟ್ಟಿದ್ದು 1856ರಲ್ಲಿ, ಇಂದಿನ ಕ್ರೊಯೇಷಿಯಾದ ಸ್ಮಿಲ್ಯಾನ್ ಎಂಬ ಹಳ್ಳಿಯಲ್ಲಿ. 1884ರಲ್ಲಿ ಅಮೆರಿಕಕ್ಕೆ ಬಂದು ಕೆಲವು ತಿಂಗಳು ಎಡಿಸನ್ ಕಂಪನಿಯಲ್ಲಿ ದುಡಿದರು. 1888ರಲ್ಲಿ ಎಸಿ ಮೋಟಾರಿಗೆ ಪೇಟೆಂಟ್ ಪಡೆದರು. ಇಂದು ನಮ್ಮ ಹೊಲಗಳ ಪಂಪ್‌ಸೆಟ್‌ನಲ್ಲಿ ತಿರುಗುವುದು ಅದೇ ತತ್ವದ ಮೋಟಾರು. 1896ರಲ್ಲಿ ನಯಾಗರಾ ಜಲಪಾತದ ವಿದ್ಯುತ್ ಬಫಲೋ ನಗರ ತಲುಪಿದ್ದೂ ಎಸಿ ವ್ಯವಸ್ಥೆಯಿಂದಲೇ.

ಆಮೇಲೆ ತಂತಿಯೇ ಇಲ್ಲದೆ ವಿದ್ಯುತ್ ಕಳಿಸುವ ಕನಸು ಅವರನ್ನು ಹಿಡಿಯಿತು. 1899ರಲ್ಲಿ ಕೊಲರಾಡೊ ಸ್ಪ್ರಿಂಗ್ಸ್‌ನಲ್ಲಿ ಕೃತಕ ಮಿಂಚು ಹೊಮ್ಮಿಸಿದರು. 1901ರಲ್ಲಿ ಬ್ಯಾಂಕರ್ ಜೆ.ಪಿ. ಮಾರ್ಗನ್ ಕೊಟ್ಟ 1,50,000 ಡಾಲರ್‌ನಿಂದ ನ್ಯೂಯಾರ್ಕ್ ಬಳಿ ವಾರ್ಡನ್‌ಕ್ಲಿಫ್ ಗೋಪುರದ ಕೆಲಸ ಶುರುವಾಯಿತು. ಆದರೆ ಮಾರ್ಗನ್ ಹಣ ಕೊಟ್ಟಿದ್ದು ಸಾಗರದಾಚೆಗೆ ಸಂದೇಶ ಕಳಿಸುವುದಕ್ಕೆ. ಅದೇ ಡಿಸೆಂಬರ್‌ನಲ್ಲಿ ಮಾರ್ಕೋನಿ ಅಟ್ಲಾಂಟಿಕ್ ದಾಟಿ ಸಂಕೇತ ಕಳಿಸಿಬಿಟ್ಟರು. ಟೆಸ್ಲಾ ಮತ್ತೆ ಕೇಳಿದಾಗ ಮಾರ್ಗನ್ ಕೈಚೆಲ್ಲಿದರು. 1917ರಲ್ಲಿ ಸಾಲದ ಬಾಬ್ತು ಗೋಪುರವನ್ನು ಕೆಡವಲಾಯಿತು.

ಇಲ್ಲಿ ಒಂದು ವಿಷಯ ಗಮನಿಸಿ. ಆ ಗೋಪುರ ಕರೆಂಟ್ ಹುಟ್ಟಿಸುತ್ತಿರಲಿಲ್ಲ. ಬೇರೆ ಕಡೆ ತಯಾರಾದ ವಿದ್ಯುತ್ತನ್ನು ಭೂಮಿಯ ಮೂಲಕ ಸಾಗಿಸಬೇಕೆಂಬುದು ಯೋಜನೆ. ಹಾಗೆ ಕಳಿಸಿದ ಶಕ್ತಿ ದಾರಿಯಲ್ಲೇ ಚದುರಿ ನಷ್ಟವಾಗುತ್ತದೆ. ಎತ್ತರದ ಲೋಹದ ತಗಡಿನಿಂದ ಸೂರ್ಯಕಿರಣದ ಶಕ್ತಿ ಹಿಡಿಯುವ ಪೇಟೆಂಟ್ ಅವರಿಗೆ 1901ರಲ್ಲಿ ಸಿಕ್ಕಿದ್ದು ನಿಜ. ಆದರೆ ಅದರಿಂದ ಸಿಗುವ ವಿದ್ಯುತ್ ತೀರಾ ಅಲ್ಪ, ಮನೆ ನಡೆಸಲು ಸಾಲದು.

1943ರ ಜನವರಿ 7ರಂದು ನ್ಯೂಯಾರ್ಕಿನ ಹೋಟೆಲ್ ಕೋಣೆಯಲ್ಲಿ ಟೆಸ್ಲಾ ಒಂಟಿಯಾಗಿ ತೀರಿಕೊಂಡರು. ವಯಸ್ಸು 86. ಸರ್ಕಾರ ಅವರ ಕಾಗದಪತ್ರ ವಶಪಡಿಸಿಕೊಂಡಿದ್ದೂ ನಿಜ. ಎಂಐಟಿಯ ಜಾನ್ ಟ್ರಂಪ್ ಪರಿಶೀಲಿಸಿದಾಗ ಅಪಾಯಕಾರಿ ರಹಸ್ಯ ಏನೂ ಸಿಗಲಿಲ್ಲ. ಮುಂದೆ ಅವರ ಸಂಗ್ರಹ ಬೆಲ್‌ಗ್ರೇಡ್‌ನ ಮ್ಯೂಸಿಯಂ ಸೇರಿತು.

ಹಾಗಾದರೆ ಕನಸು ಸತ್ತಿತೇ? ಇಲ್ಲ, ದಾರಿ ಬದಲಾಯಿತು. 1968ರಲ್ಲಿ ಪೀಟರ್ ಗ್ಲೇಸರ್ ಎಂಬ ಎಂಜಿನಿಯರ್, ಉಪಗ್ರಹದಲ್ಲಿ ಸೌರಫಲಕ ಇಟ್ಟು ಮೈಕ್ರೋವೇವ್ ಕಿರಣದಿಂದ ಶಕ್ತಿಯನ್ನು ಭೂಮಿಗೆ ಇಳಿಸಬಹುದು ಎಂದು ತೋರಿಸಿದರು. ಭೂಮಿಯಿಂದ ಸುಮಾರು 36,000 ಕಿ.ಮೀ. ಎತ್ತರದಲ್ಲಿ ಮೋಡವಿಲ್ಲ, ರಾತ್ರಿಯ ಕಾಟ ತೀರಾ ಕಡಿಮೆ. ಅಲ್ಲಿ ಪ್ರತಿ ಚದರ ಮೀಟರ್‌ಗೆ ಸುಮಾರು 1,360 ವ್ಯಾಟ್ ಬಿಸಿಲು ಬೀಳುತ್ತದೆ. 1975ರಲ್ಲಿ ಕ್ಯಾಲಿಫೋರ್ನಿಯಾದ ಗೋಲ್ಡ್‌ಸ್ಟೋನ್‌ನಲ್ಲಿ ಸುಮಾರು ಒಂದೂವರೆ ಕಿ.ಮೀ. ದೂರಕ್ಕೆ 30 ಕಿಲೋವ್ಯಾಟ್‌ಗೂ ಹೆಚ್ಚು ಶಕ್ತಿ ತಂತಿಯಿಲ್ಲದೆ ತಲುಪಿತು. 2023ರಲ್ಲಿ ಕ್ಯಾಲ್‌ಟೆಕ್ ಉಪಕರಣ ಕಕ್ಷೆಯಿಂದ ಕಳಿಸಿದ ಅತಿ ಸಣ್ಣ ಪ್ರಮಾಣದ ಶಕ್ತಿಯನ್ನು ನೆಲದ ಮೇಲೆ ಗುರುತಿಸಲಾಯಿತು. ಆದರೆ ಮನೆಗೆ ಕರೆಂಟ್ ಕೊಡಲು ಕಿಲೋಮೀಟರ್‌ಗಟ್ಟಲೆ ಅಗಲದ ಆಂಟೆನಾ ಬೇಕು, ಭಾರಿ ತೂಕವನ್ನು ರಾಕೆಟ್‌ನಲ್ಲಿ ಒಯ್ಯಬೇಕು. ಬಿಸಿಲು ಉಚಿತ, ಅದನ್ನು ತರುವ ಖರ್ಚು ಉಚಿತವಲ್ಲ.

ಆದ್ದರಿಂದ ಟೆಸ್ಲಾ ಹೆಸರು ಹೇಳಿ ಉಚಿತ ಕರೆಂಟ್ ಪೆಟ್ಟಿಗೆ ಮಾರುವವರಿಗೆ ಹಣ ಕಳಿಸಬೇಡಿ. ಆ ಸಂದೇಶ ಮತ್ತೆ ಬಂದರೆ, ಕಳಿಸಿದವರಿಗೆ ಟೆಸ್ಲಾ ಅವರ ಈ ನಿಜವಾದ ಕಥೆ ತಲುಪಿಸಿ.