ಸಂಖ್ಯೆಗಳ ಹಾರ ಕಟ್ಟಿದ ಮಹಾವೀರಾಚಾರ್ಯರು

ಮಹಾವೀರ ಎಂದರೆ ನಮ್ಮ ಮನೆಗಳಲ್ಲಿ ತೀರ್ಥಂಕರರ ನೆನಪು. ಅದೇ ಹೆಸರಿನ ಗಣಿತಜ್ಞರೊಬ್ಬರು ನಮ್ಮ ನಾಡಿನಲ್ಲೇ ಇದ್ದರು ಎಂಬುದು ಬಹಳ ಜನರಿಗೆ ತಿಳಿದಿಲ್ಲ. ಅವರ ಕಾಲ ರಾಷ್ಟ್ರಕೂಟ ಅರಸ ಅಮೋಘವರ್ಷ ನೃಪತುಂಗನದು. ಹಾವೇರಿ ಜಿಲ್ಲೆಯ ಬಂಕಾಪುರಕ್ಕೆ ಹೆಸರು ಬಂದದ್ದು ಇದೇ ಅರಸನ ಸೇನಾನಿ ಬಂಕೆಯನಿಂದ.

ಆಚಾರ್ಯರು ಸುಮಾರು 850ರಲ್ಲಿ ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ' ರಚಿಸಿದರು. ಜಿನ ಮಹಾವೀರರಿಗೆ ವಂದಿಸಿ, ಅರಸನನ್ನು ಹೊಗಳಿ ಲೆಕ್ಕಕ್ಕೆ ಇಳಿಯುತ್ತಾರೆ. ಬಡ್ಡಿ, ಪಾಲು, ಚಿನ್ನದ ಬೆರಕೆ ಎಲ್ಲವೂ ಅದರಲ್ಲಿವೆ. ಹೊಸರಿತ್ತಿಯ ವ್ಯಾಪಾರಿ ನಾನು, ನನಗೆ ಅವೇ ಹತ್ತಿರದ ಲೆಕ್ಕ. ಆದರೂ ಮನಸ್ಸು ನಿಂತದ್ದು ಅವರು ಕೊರಳ ಹಾರಕ್ಕೆ ಹೋಲಿಸಿದ ಗುಣಾಕಾರಗಳ ಮೇಲೆ. 139 ಮತ್ತು 109 ಎರಡೂ ಅವಿಭಾಜ್ಯ ಸಂಖ್ಯೆಗಳು, ಅಂದರೆ 1 ಮತ್ತು ತಮ್ಮನ್ನು ಬಿಟ್ಟು ಬೇರೆ ಯಾವುದರಿಂದಲೂ ನಿಶ್ಶೇಷವಾಗಿ ಭಾಗವಾಗವು. ಗುಣಿಸಿದರೆ 15151; ಯಾವ ಕಡೆಯಿಂದ ಓದಿದರೂ ಒಂದೇ. 152207ನ್ನು 73ರಿಂದ ಗುಣಿಸಿದರೆ ಸಾಲಾಗಿ ಎಂಟು ಒಂದುಗಳು, 11111111. ಇದನ್ನು ಒಡೆದರೆ ಸಿಗುವ ಅವಿಭಾಜ್ಯಗಳು 11, 73, 101, 137. ಕ್ಯಾಲ್ಕುಲೇಟರ್ ಇಲ್ಲದ ಕಾಲದ ಮಾತಿದು!

ಸೊನ್ನೆಯಿಂದ ಭಾಗಿಸಿದರೂ ಸಂಖ್ಯೆ ಬದಲಾಗದು ಎಂದು ಬರೆದು ಒಂದು ಕಡೆ ಅವರೂ ತಪ್ಪಿದರು. ಋಣಸಂಖ್ಯೆ ಯಾವುದರ ವರ್ಗವೂ ಅಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದು ಸ್ಪಷ್ಟವಾಗಿ ಹೇಳಿದವರೂ ಅವರೇ.

1912ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರ ಇಂಗ್ಲಿಷ್ ಅನುವಾದ ಅಚ್ಚಾಯಿತು. ಪದ್ಮಾವತಮ್ಮನವರ ಕನ್ನಡ ಅನುವಾದ 2000ದಲ್ಲಿ ಹೊಂಬುಜದಿಂದ ಹೊರಬಂದಿದೆ.