ಬಿಚ್ಚೋಕೆ ಬರುವ ಅಂಟು: ಪಿಯೆರ್ ಫೊಶಾರ್ ಕಥೆ

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ಹಾಸ್ಟೆಲ್ ಗೆಳೆಯನೊಬ್ಬ ಕಡಲೆ ಚಿಕ್ಕಿ ಕಚ್ಚಿದ. ಹೊಸದಾಗಿ ಹಾಕಿಸಿದ್ದ ಹಲ್ಲಿನ ಕ್ಯಾಪ್ ಚಿಕ್ಕಿಗೇ ಅಂಟಿಕೊಂಡು ಹೊರಗೆ ಬಂತು! ವಿಚಾರಿಸಿದರೆ, ಡೆಂಟಿಸ್ಟ್ ಅದನ್ನು ಬೇಕಂತಲೇ ಟೆಂಪೊರರಿ ಸಿಮೆಂಟಿನಲ್ಲಿ ಕೂರಿಸಿದ್ದರಂತೆ. ಕ್ಯಾಪ್ ಪರ್ಮನೆಂಟು, ಸಿಮೆಂಟು ಟೆಂಪೊರರಿ. ಇದ್ಯಾವ ಲಾಜಿಕ್ಕು ಅಂತ ಹುಡುಕುತ್ತಾ ಹೊರಟ ನಮಗೆ ಸಿಕ್ಕಿದ್ದು ಪಿಯೆರ್ ಫೊಶಾರ್. ಆಧುನಿಕ ದಂತವೈದ್ಯಕ್ಕೆ ತಂದೆ ಅನ್ನಿಸಿಕೊಂಡವನು.

ಫೊಶಾರ್ ಹುಟ್ಟಿದ್ದು 1678ರಲ್ಲಿ, ಫ್ರಾನ್ಸಿನಲ್ಲಿ. ನಾವೆಲ್ಲ ಎಸ್ಸೆಸ್ಸೆಲ್ಸಿ ಓದುವ ವಯಸ್ಸಿಗೆ ಆತ ನೌಕಾಪಡೆ ಸೇರಿ, ಅಲ್ಲಿನ ಶಸ್ತ್ರವೈದ್ಯರೊಬ್ಬರ ಕೈಕೆಳಗೆ ಕೆಲಸ ಕಲಿಯುತ್ತಿದ್ದ. ತಿಂಗಳುಗಟ್ಟಲೆ ಸಮುದ್ರದ ಮೇಲಿರುವ ನಾವಿಕರಿಗೆ ಸ್ಕರ್ವಿ ಬಂದು ವಸಡು ಕೊಳೆತು, ಹಲ್ಲು ಉದುರುವುದನ್ನು ಹತ್ತಿರದಿಂದ ನೋಡಿದ. ಆಮೇಲೆ ಆಂಜೆ ಪಟ್ಟಣದಲ್ಲಿ, ಅಲ್ಲಿಂದ ಪ್ಯಾರಿಸ್ಸಿನಲ್ಲಿ ಹಲ್ಲಿನ ವೈದ್ಯನಾಗಿ ನೆಲೆನಿಂತ.

ಆ ಕಾಲದಲ್ಲಿ ಹಲ್ಲು ಕೀಳುವುದು ಕ್ಷೌರಿಕರ, ಸಂತೆಯಲ್ಲಿ ಕೂಗಿ ಕರೆಯುವವರ ಕೆಲಸ. ರೋಗಿಯನ್ನು ನೆಲಕ್ಕೆ ಕೂರಿಸಿ ಕೀಳುತ್ತಿದ್ದರು. ಕುರ್ಚಿಯಲ್ಲಿ ಕೂರಿಸಿ ಅಂದವನು ಫೊಶಾರ್. ನಾವು ಇವತ್ತಿಗೂ ಹಲ್ಲಿಗೆ ಹುಳ ಬಿದ್ದಿದೆ ಅಂತೀವಲ್ಲ, ಯುರೋಪಿನವರೂ ಹಾಗೇ ನಂಬಿದ್ದರು. ಫೊಶಾರ್ ಸೂಕ್ಷ್ಮದರ್ಶಕದಲ್ಲಿ ನೋಡಿದ, ಹುಳ ಕಾಣಲಿಲ್ಲ. ಸಿಹಿತಿಂಡಿ ಹಲ್ಲಿಗೆ ಕೆಟ್ಟದ್ದು ಅಂತ ಎಚ್ಚರಿಸಿದ. ಹಾಗಂತ ಎಲ್ಲವೂ ಸರಿಯಾಗಿತ್ತು ಅಂದುಕೊಳ್ಳಬೇಡಿ. ಹುಳುಕು ಹಲ್ಲಿಗೆ ಮೂತ್ರದಿಂದ ಬಾಯಿ ಮುಕ್ಕಳಿಸಿ ಅಂತ ಹೇಳಿದವನೂ ಇವನೇ!

ನಮಗೆ ಇಷ್ಟವಾಗಿದ್ದು ಆತನ ವರ್ಕ್‌ಶಾಪ್ ಬುದ್ಧಿ. ಗಡಿಯಾರ ರಿಪೇರಿಯವರ, ಅಕ್ಕಸಾಲಿಗರ ಉಪಕರಣಗಳನ್ನು ಬಾಯಿಗೆ ಹೊಂದಿಸಿಕೊಂಡ. ಬಿಲ್ಲಿನಿಂದ ತಿರುಗಿಸುವ ಡ್ರಿಲ್ ಬಳಸಿದ. ಮೇಲಿನ ಹಲ್ಲುಸೆಟ್ಟು ಕೆಳಗೆ ಬೀಳದಂತೆ ಸ್ಪ್ರಿಂಗ್ ಇಟ್ಟ. ಮೇಲ್ಭಾಗ ಹೋಗಿ ಬೇರು ಮಾತ್ರ ಉಳಿದ ಹಲ್ಲಿಗೆ, ಬೇರಿನೊಳಗೆ ಲೋಹದ ಕಡ್ಡಿ ಕೂರಿಸಿ, ಅದರ ಮೇಲೆ ಕೃತಕ ಹಲ್ಲು ನಿಲ್ಲಿಸಿದ. ಅಂಟಿಸಲು ಬಳಸಿದ್ದು ಮಾಸ್ಟಿಕ್. ನಮ್ಮ ಅರಗಿನ ಹಾಗೆ ಬಿಸಿಗೆ ಮೆತ್ತಗಾಗಿ, ಆರಿದರೆ ಗಟ್ಟಿಯಾಗುವ ಅಂಟು. ಅಂದರೆ ಬಿಚ್ಚೋಕೆ ಬರುವ ಅಂಟು. ಆದರೂ ಅಂಥ ಕೆಲವು ಹಲ್ಲುಗಳು 15-20 ವರ್ಷ ಅಲುಗಾಡದೆ ನಿಂತಿವೆ ಅಂತ ಆತ ದಾಖಲಿಸಿದ್ದಾನೆ.

ಗೆಳೆಯನ ಕ್ಯಾಪಿನ ಲಾಜಿಕ್ಕೂ ಇಲ್ಲೇ ಇದೆ. ಭಾರ ಹೊರುವುದು ಬರೀ ಅಂಟಲ್ಲ, ಆಕಾರ. ಇವತ್ತಿನ ಡೆಂಟಿಸ್ಟ್ ಹಲ್ಲಿನ ಗೋಡೆಗಳನ್ನು ಹೆಚ್ಚುಕಮ್ಮಿ ಸಮಾನಾಂತರವಾಗಿ, ಸ್ವಲ್ಪವೇ ಟೇಪರ್ ಕೊಟ್ಟು ಉಜ್ಜುತ್ತಾರೆ. ಕ್ಯಾಪ್ ಅದರ ಮೇಲೆ ಬಿಗಿಯಾಗಿ ಕೂರುತ್ತದೆ. ನಡುವಿನ ಸಣ್ಣ ಸಂದನ್ನು ಸಿಮೆಂಟ್ ತುಂಬುತ್ತದೆ. ಹಲ್ಲಿನ ನರದ ಮೇಲೆ ಅನುಮಾನವಿದ್ದರೆ, ಕಚ್ಚುವಾಗ ಎತ್ತರ ಸರಿಯಿದೆಯಾ ನೋಡಬೇಕಿದ್ದರೆ, ಕೆಲವು ವಾರ ಟೆಂಪೊರರಿ ಸಿಮೆಂಟಿನಲ್ಲಿ ಬಿಡುತ್ತಾರೆ. ಜಿಂಕ್ ಆಕ್ಸೈಡಿಗೆ ಲವಂಗದೆಣ್ಣೆಯ ಯುಜೆನಾಲ್ ಬೆರೆಸಿದ್ದು ಅಂಥದ್ದೊಂದು. ತೊಂದರೆ ಬಂದರೆ ಕ್ಯಾಪ್ ಒಡೆಯದೆ ತೆಗೀಬಹುದು. ಆದರೆ ಗಟ್ಟಿಯಾಗೇ ಇದೆಯಲ್ಲ ಅಂತ ವರ್ಷಗಟ್ಟಲೆ ಹಾಗೇ ಬಿಟ್ಟರೆ ಅಪಾಯ. ಸಿಮೆಂಟ್ ಎಂಜಲಿಗೆ ಕರಗಿ, ಒಳಗೊಳಗೇ ಹಲ್ಲು ಹುಳುಕಾಗುತ್ತದೆ. ಗೊತ್ತಾಗುವಷ್ಟರಲ್ಲಿ ಹಲ್ಲೇ ಹೋಗಿರುತ್ತದೆ.

ಫೊಶಾರ್ ಬದುಕಿನ ದೊಡ್ಡ ಕೆಲಸ ಬೇರೆಯೇ ಇದೆ. ಆಗಿನ ಹಲ್ಲಿನವರು ತಮ್ಮ ವಿದ್ಯೆಯನ್ನು ಗುಟ್ಟಾಗಿ ಇಟ್ಟುಕೊಳ್ಳುತ್ತಿದ್ದರು, ಹೊಟ್ಟೆಪಾಡು ಅದರಲ್ಲೇ ಇತ್ತು. ಈತ ತನಗೆ ಗೊತ್ತಿದ್ದನ್ನೆಲ್ಲ ಚಿತ್ರ ಸಮೇತ ಬರೆದ. ಹಸ್ತಪ್ರತಿ 1723ರಲ್ಲೇ ಮುಗಿದಿತ್ತು. ಆದರೂ ಅಚ್ಚಿಗೆ ಓಡಲಿಲ್ಲ. ಬೇರೆ ವೈದ್ಯರಿಗೆ ತೋರಿಸಿ, ತಿದ್ದಿಸಿಕೊಂಡು, 1728ರಲ್ಲಿ ಎರಡು ಸಂಪುಟಗಳಲ್ಲಿ ಪ್ರಕಟಿಸಿದ. 1733ಕ್ಕೆ ಜರ್ಮನ್ ಅನುವಾದ, 1746ಕ್ಕೆ ಎರಡನೇ ಆವೃತ್ತಿ ಬಂತು. 1761ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡ.

ಆ ಐದು ವರ್ಷ ಪುಸ್ತಕಕ್ಕೂ ಟೆಂಪೊರರಿ ಸಿಮೆಂಟೇ ಹಾಕಿದ್ದ ಅನ್ನಿಸುತ್ತದೆ ನಮಗೆ. ತಪ್ಪಿದ್ದರೆ ಇನ್ನೂ ತೆಗೆದು ಸರಿಮಾಡಬಹುದು ಅಂತ. ಪ್ರಾಜೆಕ್ಟ್ ರಿಪೋರ್ಟನ್ನು ಹಿಂದಿನ ರಾತ್ರಿ ಬೈಂಡಿಂಗಿಗೆ ಕೊಡುವ ನಮಗೆ ಸ್ವಲ್ಪ ನಾಚಿಕೆಯಾಯಿತು, ಅಷ್ಟೇ.

ಅಂದಹಾಗೆ, ಗೆಳೆಯ ಕ್ಯಾಪನ್ನು ತೊಳೆದು, ಪೇಪರಿನಲ್ಲಿ ಸುತ್ತಿ ಮಾರನೇ ದಿನವೇ ಡೆಂಟಿಸ್ಟ್ ಹತ್ತಿರ ಹೋದ. ಚಿಕ್ಕಿ ಮಾತ್ರ ಈಗ ನಮ್ಮ ಪಾಲಿಗೆ.