ಮೀನಿನ ಮಿದುಳಿನಲ್ಲಿ ಗ್ರಂಥಿಯನ್ನು ಕಂಡ ಅರ್ನ್‌ಸ್ಟ್ ಶಾರರ್

ಪಿಟ್ಯುಟರಿ ಎಲ್ಲ ಗ್ರಂಥಿಗಳ ಯಜಮಾನ ಎಂದು ಶಾಲೆಯಲ್ಲಿ ಓದಿದ ನೆನಪು ನಿಮಗಿರಬಹುದು. ಅದು ಅರ್ಧ ಸತ್ಯ. ಆ ಯಜಮಾನನಿಗೂ ಅಪ್ಪಣೆ ಕೊಡುವ ಭಾಗವೊಂದಿದೆ: ಮಿದುಳಿನ ತಳದ ಹೈಪೋಥಲಾಮಸ್. ಇದರ ಸುಳಿವು ಸಿಕ್ಕಿದ್ದು ಬೆರಳುದ್ದದ ಹೊಳೆಮೀನಿನಲ್ಲಿ.

1905ರಲ್ಲಿ ಮ್ಯೂನಿಕ್‌ನಲ್ಲಿ ಹುಟ್ಟಿದ ಅರ್ನ್‌ಸ್ಟ್ ಶಾರರ್, ಜೇನ್ನೊಣಗಳ ಕುಣಿತಕ್ಕೆ ಅರ್ಥ ಹೇಳಿದ ಕಾರ್ಲ್ ಫಾನ್ ಫ್ರಿಶ್ ಅವರ ಶಿಷ್ಯ. ಕುರುಡು ಮಿನ್ನೊ ಮೀನಿಗೂ ಬೆಳಕು ಹೇಗೆ ತಿಳಿಯುತ್ತದೆ ಎಂಬುದು ಅವರ ಸಂಶೋಧನೆಯ ವಿಷಯ. ಹಾಗೆ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವಾಗ ಹೈಪೋಥಲಾಮಸ್‌ನ ಕೆಲವು ನರಕೋಶಗಳಲ್ಲಿ ಗ್ರಂಥಿಕೋಶಗಳಲ್ಲಿರುವಂಥ ಹನಿಗಳು ಕಂಡವು. ಇವು ಹಾರ್ಮೋನು ಸ್ರವಿಸುತ್ತಿರಬೇಕು ಎಂದು 1928ರಲ್ಲಿ ಅವರು ಪ್ರಕಟಿಸಿದರು. ತೊರಕೆ ಬಳಗದ ಮೀನಿನ ಬೆನ್ನುಹುರಿಯಲ್ಲಿ ಕಾರ್ಲ್ ಸ್ಪೈಡೆಲ್ 1919ರಲ್ಲೇ ಇಂಥ ಕೋಶಗಳನ್ನು ಕಂಡಿದ್ದರೂ ಅದು ಹೆಚ್ಚು ಗಮನ ಸೆಳೆದಿರಲಿಲ್ಲ.

ವಿಜ್ಞಾನಿಗಳು ಒಪ್ಪಲಿಲ್ಲ. ನರದ ಕೆಲಸ ವಿದ್ಯುತ್ ಸಂಕೇತ ಸಾಗಿಸುವುದು, ಗ್ರಂಥಿಯದು ರಕ್ತಕ್ಕೆ ಹಾರ್ಮೋನು ಬಿಡುವುದು. ಒಂದೇ ಕೋಶ ಎರಡನ್ನೂ ಮಾಡೀತೆ? ಆ ಹನಿಗಳು ಸತ್ತ ಮೇಲೆ ಕೋಶ ಕೆಟ್ಟದ್ದರ ಗುರುತು, ಇಲ್ಲವೆ ಬಣ್ಣ ಹಾಕುವಾಗಿನ ದೋಷ ಎಂದರು. ಸುಮಾರು ಇಪ್ಪತ್ತು ವರ್ಷ ಈ ಮಾತು ಕೇಳುತ್ತಲೇ ಶಾರರ್ ಕೆಲಸ ಮುಂದುವರಿಸಿದರು.

ಜೊತೆಗಿದ್ದವರು 1934ರಲ್ಲಿ ಮದುವೆಯಾದ ಬರ್ಟಾ. ಇಬ್ಬರೂ ಪ್ರಾಣಿಲೋಕವನ್ನೇ ಹಂಚಿಕೊಂಡರು: ಬೆನ್ನೆಲುಬಿರುವವು ಅವರಿಗೆ, ಇಲ್ಲದವು ಇವರಿಗೆ. ಯೆಹೂದ್ಯರಲ್ಲದಿದ್ದರೂ ನಾಜಿ ಆಡಳಿತ ಸಹಿಸಲಾಗದೆ 1937ರಲ್ಲಿ ಅಮೆರಿಕಕ್ಕೆ ಹೋದರು. ಅಲ್ಲಿ ಗಂಡನಿಗೆ ಕೆಲಸ ಸಿಕ್ಕಿತು. ಹೆಂಡತಿ ವರ್ಷಗಟ್ಟಲೆ ಸಂಬಳವಿಲ್ಲದೆ ಜಿರಲೆಗಳ ಮೇಲೆ ಸಂಶೋಧನೆ ನಡೆಸಿದರು. ನನ್ನ ಮಟ್ಟಿಗೆ ಈ ಕಥೆಯಲ್ಲಿ ಅವರ ಪಾಲು ಗಂಡನದಕ್ಕಿಂತ ಕಡಿಮೆಯದಲ್ಲ.

1949ರಲ್ಲಿ ಜರ್ಮನಿಯ ವೊಲ್ಫ್‌ಗಾಂಗ್ ಬಾರ್ಗ್‌ಮನ್ ಹೊಸ ಬಣ್ಣವೊಂದನ್ನು ಬಳಸಿದಾಗ, ಆ ಸ್ರಾವ ಹೈಪೋಥಲಾಮಸ್‌ನಿಂದ ನರತಂತುಗಳ ಗುಂಟ ಪಿಟ್ಯುಟರಿಯ ಹಿಂಭಾಗದವರೆಗೆ ಹರಡಿರುವುದು ಕಂಡಿತು. ಭ್ರೂಣದಲ್ಲಿ ಈ ಹಿಂಭಾಗ ಮೂಡುವುದೇ ಮಿದುಳಿನಿಂದ; ಮುಂಭಾಗದ ಮೂಲ ಬೇರೆ. ಹೆರಿಗೆಗೂ ಹಾಲೂಡಿಸುವುದಕ್ಕೂ ಬೇಕಾದ ಆಕ್ಸಿಟೋಸಿನ್ ತಯಾರಾಗುವುದು ಹೈಪೋಥಲಾಮಸ್‌ನಲ್ಲಿ, ಹಿಂಭಾಗ ಬರೀ ಉಗ್ರಾಣ ಎಂದು ಬಾರ್ಗ್‌ಮನ್ ಮತ್ತು ಶಾರರ್ 1951ರಲ್ಲಿ ಜಂಟಿಯಾಗಿ ವಾದಿಸಿದರು. ಮೂಳೆಮೀನುಗಳಲ್ಲಂತೂ ಹೈಪೋಥಲಾಮಸ್‌ನ ನರಗಳು ಮುಂಭಾಗಕ್ಕೂ ನೇರವಾಗಿ ಇಳಿಯುತ್ತವೆ.

1955ರಲ್ಲಿ ನ್ಯೂಯಾರ್ಕ್‌ನ ಆಲ್ಬರ್ಟ್ ಐನ್‌ಸ್ಟೈನ್ ವೈದ್ಯಕೀಯ ಕಾಲೇಜಿನಲ್ಲಿ ಅರ್ನ್‌ಸ್ಟ್ ಅಂಗರಚನಾ ವಿಭಾಗದ ಮುಖ್ಯಸ್ಥರಾದರು. ಬರ್ಟಾ ಕೊನೆಗೂ ಪ್ರೊಫೆಸರ್ ಆದರು. 1963ರಲ್ಲಿ ಇಬ್ಬರೂ ಸೇರಿ ಈ ಹೊಸ ಶಾಸ್ತ್ರದ ಬಗ್ಗೆ ಪುಸ್ತಕ ಬರೆದರು. ಎರಡೇ ವರ್ಷದಲ್ಲಿ, ಫ್ಲಾರಿಡಾದಲ್ಲಿ ಈಜುವಾಗ ಅರ್ನ್‌ಸ್ಟ್ ಮುಳುಗಿ ತೀರಿಕೊಂಡರು. ಬರ್ಟಾ ಅದೇ ಕಾಲೇಜಿನಲ್ಲಿ ಮತ್ತೆ ಹಲವು ದಶಕ ದುಡಿದರು.